ಸೋತ ಹೃದಯಕ್ಕೆ ಕೂರಿಸುವ ಸಿ.ಆರ್.ಟಿ. ಯಂತ್ರದಿಂದ ಯಾರಿಗೆ ಗುಣ ಕಾಣುತ್ತದೆ ಎಂದು ಮೊದಲೇ ಹೇಳುವ ವಿಷಯವನ್ನು ಪ್ರಬಂಧಕ್ಕೆ ಆರಿಸಿಕೊಳ್ಳಲೇ?

ಬೇಡ. ನೀವು ಈಗ ವಿಜಯಪುರದಲ್ಲಿ ಕುಳಿತು ಕೇಳಿರುವುದನ್ನೇ ನಾನು ಕೆಲವು ವರ್ಷಗಳ ಹಿಂದೆ ಬೆಳಗಾವಿಯಲ್ಲಿ ಕುಳಿತು ಸಿನಾಪ್ಸಿಸ್ ಮಾಡಿ ನನ್ನ ಗೈಡ್‌ಗೆ ಒಪ್ಪಿಸಿದ್ದೆ. ಎಕೋ (ಹೃದಯದ ಸ್ಕ್ಯಾನ್) ಚಿತ್ರಗಳನ್ನು ಕಂಪ್ಯೂಟರ್‌ಗೆ ಕೊಟ್ಟು ಲೆಕ್ಕ ಹಾಕಿಸುತ್ತೇನೆ ಎನ್ನುತ್ತೀರಿ. ನಾನು ಒಂದೊಂದನ್ನೂ ಕೈಯಾರೆ ಅಳೆಯುತ್ತೇನೆ ಎಂದಿದ್ದೆ. ವ್ಯತ್ಯಾಸ ಅಷ್ಟೇ. ಯಂತ್ರ ಹಾಕಿಸಿಕೊಂಡ ಮೂವರಲ್ಲಿ ಒಬ್ಬರಿಗೆ ನಿರೀಕ್ಷಿಸಿದ ಗುಣ ಕಾಣುವುದಿಲ್ಲ, ಅವರನ್ನು ಮೊದಲೇ ಗುರುತಿಸಿದರೆ ಒಂದು ಮನೆಯ ದುಡ್ಡು ಉಳಿಯುತ್ತದೆ ಎಂಬ ಸಾಲು ನನ್ನ ಮೊದಲ ಪುಟದಲ್ಲೂ ಇತ್ತು.

ಬೇರೆ ಓದುಗರಿಗಾಗಿ ಎರಡು ಮಾತು. ಹೃದಯದ ಎಡ ಕವಲಿನ ವಿದ್ಯುತ್ ದಾರಿ ಕಟ್ಟಿಕೊಂಡರೆ ಸಂಕೇತ ಬಲಗಡೆಗೆ ಬೇಗ ಮುಟ್ಟಿ, ಎಡಗಡೆಯ ಹೊರಗೋಡೆಗೆ ಸ್ನಾಯುವಿನಲ್ಲೇ ತೆವಳಿಕೊಂಡು ತಡವಾಗಿ ಬರುತ್ತದೆ. ಒಂದು ಗೋಡೆ ಹಿಂಡಿ ಮುಗಿಸುವಾಗ ಇನ್ನೊಂದು ಹಿಂಡಲು ತೊಡಗುತ್ತದೆ. ಮೊದಲೇ ಸೋತ ಹೃದಯ ಇನ್ನಷ್ಟು ಸೋಲುತ್ತದೆ. ಇ.ಸಿ.ಜಿ. ಕಾಗದದಲ್ಲಿ, ಈ ಸಂಕೇತ ಹರಡುವುದನ್ನು ತೋರಿಸುವ ಕ್ಯೂ.ಆರ್.ಎಸ್. ಅಲೆ ಅಗಲವಾಗಿ ಕಾಣುತ್ತದೆ. 150 ಮಿಲಿಸೆಕೆಂಡ್ ಎಂದರೆ ಹೆಚ್ಚುಕಡಿಮೆ ನಾಲ್ಕು ಸಣ್ಣ ಚೌಕ. ಸಿ.ಆರ್.ಟಿ. ಎಂಬುದು ಸಾಮಾನ್ಯವಾಗಿ ಮೂರು ತಂತಿಗಳ ಪೇಸ್‌ಮೇಕರ್. ಮೂರನೆಯ ತಂತಿಯನ್ನು ಹೃದಯದ ಅಭಿಧಮನಿಯೊಳಗಿಂದ ಎಡ ಹೊರಗೋಡೆಯ ಮೇಲೆ ಕೂರಿಸಿ, ಎರಡೂ ಕಡೆ ಒಟ್ಟಿಗೆ ಬಡಿಯುವಂತೆ ಮಾಡುತ್ತಾರೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ಏಕೆಂದರೆ ಮಾಡುವಾಗ ಅದು ತಪ್ಪು ಎಂದು ಅನ್ನಿಸುವುದೇ ಇಲ್ಲ.

ಯಂತ್ರ ಹಾಕಿಸಿಕೊಂಡವರೆಲ್ಲರ ಹೆಸರನ್ನು ಒಂದು ಹಾಳೆಯಲ್ಲಿ ತುಂಬಿದ್ದೆ. ಆರು ತಿಂಗಳಾದ ಮೇಲೆ ಎಕೋ ಮಾಡುವುದು, ಎಡ ಹೃತ್ಕುಕ್ಷಿಯ (ಹೃದಯದ ಎಡ ಕೆಳಕೋಣೆಯ) ಗಾತ್ರ ನೂರಕ್ಕೆ 15ರಷ್ಟು ತಗ್ಗಿದ್ದರೆ ‘ಸ್ಪಂದಿಸಿದವರು’ ಎಂದು ಬರೆಯುವುದು, ಇಲ್ಲವಾದರೆ ‘ಸ್ಪಂದಿಸದವರು’. ಆರು ತಿಂಗಳಿಗೆ ಬಾರದವರ ಮುಂದೆ ‘ಫಾಲೋಅಪ್ ಇಲ್ಲ’ ಎಂದು ಬರೆದೆ. ಕೊನೆಗೆ ಲೆಕ್ಕಕ್ಕೆ ಕುಳಿತಾಗ ಆ ಸಾಲುಗಳನ್ನು ಅಳಿಸಿಹಾಕಿದೆ. ಮಾಹಿತಿಯೇ ಇಲ್ಲದವರನ್ನು ಯಾವ ಗುಂಪಿಗೆ ಸೇರಿಸುವುದು? ಸೇರಿಸದಿರುವುದೇ ಪ್ರಾಮಾಣಿಕತೆ ಎಂದುಕೊಂಡಿದ್ದೆ.

ಹತ್ತು ಜನರಿಗೆ ಯಂತ್ರ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಆರು ಜನ ಮರಳಿ ಬಂದರು, ಅವರಲ್ಲಿ ನಾಲ್ವರಿಗೆ ಗುಣವಾಗಿದೆ. ನಾನು ಬರೆಯುತ್ತಿದ್ದದ್ದು ಆರಕ್ಕೆ ನಾಲ್ಕು, ಅಂದರೆ ನೂರಕ್ಕೆ 67. ಬಾರದ ನಾಲ್ವರೂ ತೀರಿಕೊಂಡಿದ್ದರೆ ನಿಜವಾದ ಲೆಕ್ಕ ಹತ್ತಕ್ಕೆ ನಾಲ್ಕು. ನಾಲ್ವರೂ ಚೆನ್ನಾಗಿದ್ದು ಹೊಲದ ಕೆಲಸ ಬಿಟ್ಟು ಬರಲಾಗದೆ ಇದ್ದರೆ ಹತ್ತಕ್ಕೆ ಎಂಟು. ನಲವತ್ತರಿಂದ ಎಂಬತ್ತರ ನಡುವೆ ಸತ್ಯ ಎಲ್ಲಿ ಬೇಕಾದರೂ ಇರಬಹುದಿತ್ತು. ನಾನು ದಶಮಾಂಶದವರೆಗೆ ಉತ್ತರ ಬರೆದಿದ್ದೆ.

ಅಷ್ಟೇ ಆಗಿದ್ದರೆ ಒಂದು ಅಂಕಿ ಕೆಟ್ಟಿತು ಎಂದು ಬಿಡಬಹುದಿತ್ತು. ಯಾರಿಗೆ ಗುಣ ಕಾಣುತ್ತದೆ ಎಂದು ಸೂಚಿಸುವ ಅಂಶಗಳ ಪಟ್ಟಿಯೂ ಕೆಟ್ಟಿತು. ಬೆಳಗಾವಿ ನಗರದಲ್ಲಿ ಮನೆಯಿದ್ದವರು, ಓದಿದ ಮಕ್ಕಳಿದ್ದವರು, ಜೊತೆಗೆ ಬರಲು ಒಬ್ಬರಾದರೂ ಇದ್ದವರು ಆರು ತಿಂಗಳಿಗೆ ತಪ್ಪದೆ ಬಂದರು. ಅಥಣಿ, ರಾಮದುರ್ಗದ ಕಡೆಯವರು ಕೈಬಿಟ್ಟುಹೋದರು. ಹಾಗಾಗಿ ನನ್ನ ಕೋಷ್ಟಕದಲ್ಲಿ ಹೃದಯದ ಗುಣದಂತೆ ಕಂಡದ್ದರಲ್ಲಿ ಎಷ್ಟೋ ಪಾಲು ಊರಿನ ದೂರದ್ದಾಗಿತ್ತು. ನಿಮ್ಮ ಕಂಪ್ಯೂಟರ್ ಇದನ್ನು ನನಗಿಂತ ಚೆನ್ನಾಗಿ ಕಲಿಯುತ್ತದೆ. ಯಾರ ಬಳಿ ಬಸ್ ಚಾರ್ಜು ಇದೆ ಎಂಬುದನ್ನು ಕಲಿತು, ಅದನ್ನೇ ಹೃದಯದ ಭವಿಷ್ಯ ಎಂದು ನಿಮಗೆ ಹೇಳುತ್ತದೆ.

ಪ್ರಬಂಧ ಪಾಸಾಯಿತು. ಲೇಖನವಾಗಿ ಕಳುಹಿಸಿದಾಗ ಒಬ್ಬ ಪರಿಶೀಲಕರು ಒಂದೇ ಪ್ರಶ್ನೆ ಕೇಳಿದರು: ಒಟ್ಟು ಎಷ್ಟು ಜನರಿಗೆ ಯಂತ್ರ ಹಾಕಲಾಗಿತ್ತು, ಉಳಿದವರು ಏನಾದರು? ನನ್ನಲ್ಲಿ ಉತ್ತರವಿರಲಿಲ್ಲ. ಲೇಖನ ಹಿಂಪಡೆದೆ, ಎರಡು ವರ್ಷದ ಕೆಲಸ ಹೋಯಿತು. ಅದಕ್ಕಿಂತ ಹೆಚ್ಚು ನೋವಾದದ್ದು ಬೇರೆ. ಅಷ್ಟರಲ್ಲಿ ವಾರ್ಡಿನಲ್ಲಿ ನನ್ನ ಅಂಕಿಯನ್ನು ಮನೆಯವರಿಗೆ ಹೇಳಲು ಶುರುಮಾಡಿದ್ದರು. ‘ನಮ್ಮಲ್ಲೇ ಮಾಡಿದ ಅಧ್ಯಯನ’ ಎಂದು ಹೇಳಿದ ಮಾತನ್ನು ನಂಬಿ ಬಂಗಾರ ಒತ್ತೆಯಿಟ್ಟವರಿದ್ದರು. ಅವರ ಮುಖ ನನಗೆ ಗೊತ್ತು.

ನೈತಿಕ ಸಮಿತಿಯ ಅನುಮತಿ ಪಡೆದು, ಅಳಿಸಿದ ಹೆಸರುಗಳನ್ನು ಹುಡುಕಿಕೊಂಡು ಹೊರಟೆ. ಭಾನುವಾರಗಳಲ್ಲಿ, ಹೆಚ್ಚಾಗಿ ಬಸ್ಸಿನಲ್ಲಿ.

ಮೂಡಲಗಿ ಕಡೆಯ ಹಿರಿಯರೊಬ್ಬರು ಬೆಲ್ಲದ ಗಾಣದಲ್ಲಿ ದುಡಿದವರು. ಕಟ್ಟೆಯ ಮೇಲೆ ಬಲಕ್ಕೆ ಒರಗಿ ಕುಳಿತಿದ್ದರು. ಯಾಕೆ ಬರಲಿಲ್ಲ ಎಂದು ಕೇಳಿದರೆ ಅಂಗಿ ಎತ್ತಿ ಎಡ ಪಕ್ಕೆಯ ಕೆಳಗೆ ಕೈಯಿಟ್ಟು ತೋರಿಸಿದರು. ‘ಡಾಕ್ಟರ್ ಬಾಯಿಯವರೇ, ಎಡಕ್ಕೆ ಮಲಗಿದರೆ ಇಲ್ಲಿ ಟಕ್ ಟಕ್ ಎಂದು ಕುಣಿಯುತ್ತಿತ್ತು. ಒಳಗೆ ತಂತಿ ಕಿತ್ತಿದೆ ಎಂದು ಹೆದರಿ ಬೇರೆ ಕಡೆ ಹೋದೆ. ಅವರು ಏನೋ ಒತ್ತಿದರು, ನಿಂತಿತು.’ ಎಡ ಹೊರಗೋಡೆಯ ಪಕ್ಕದಲ್ಲೇ ವಪೆಗೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಿಗೆ) ಹೋಗುವ ನರ ಹಾದುಹೋಗುತ್ತದೆ. ಮೂರನೆಯ ತಂತಿಯ ಮಿಡಿತ ಅದಕ್ಕೆ ತಾಗಿದರೆ ಪ್ರತಿ ಬಡಿತಕ್ಕೂ ಹೊಟ್ಟೆ ಎಗರುತ್ತದೆ. ವೋಲ್ಟೇಜ್ ತಗ್ಗಿಸಿದರೆ, ಅಥವಾ ತಂತಿಯ ಇನ್ನೊಂದು ಬಿಂದುವಿನಿಂದ ಬಡಿಸಿದರೆ ಎಷ್ಟೋ ಸಲ ಕೆಲವೇ ನಿಮಿಷದಲ್ಲಿ ಸರಿಹೋಗುವ ತೊಂದರೆ. ಅವರನ್ನು ಒಪ್ಪಿಸಿ ಬೆಳಗಾವಿಗೆ ಕರೆಸಿ ಯಂತ್ರವನ್ನು ತಪಾಸಣೆ ಮಾಡಿದೆವು. ಎಡ ತಂತಿಯನ್ನೇ ಬಂದ್ ಮಾಡಿದ್ದರು. ನೂರಕ್ಕೆ 98ಕ್ಕಿಂತ ಹೆಚ್ಚು ಬಡಿತಗಳು ಎರಡೂ ಕಡೆಯಿಂದ ಆಗಬೇಕು ಎಂಬುದು ಈ ಚಿಕಿತ್ಸೆಯ ಗುರಿ. ಅವರಲ್ಲಿ ಒಂದೂ ಆಗುತ್ತಿರಲಿಲ್ಲ. ಇಷ್ಟು ತಿಂಗಳು ಎದೆಯಲ್ಲಿ ಲಕ್ಷಗಟ್ಟಲೆಯ ಯಂತ್ರ ಹೊತ್ತು ತಿರುಗಿದ್ದರು, ಚಿಕಿತ್ಸೆ ಮಾತ್ರ ಸಿಕ್ಕಿರಲಿಲ್ಲ. ಆರು ತಿಂಗಳಿಗೆ ಬಂದಿದ್ದರೆ ನಾನು ಎಕೋ ಮಾಡಿ ‘ಸ್ಪಂದಿಸದವರು’ ಎಂದು ಬರೆದು, ಅದರ ಕಾರಣವನ್ನು ಅವರ ಹೃದಯದಲ್ಲಿ ಹುಡುಕುತ್ತಿದ್ದೆ.

ರಾಮದುರ್ಗ ತಾಲ್ಲೂಕಿನ ಅಕ್ಕ ಗೋವಿನಜೋಳದ ಹೊಲದಲ್ಲಿ ಕಳೆ ಕೀಳುತ್ತಿದ್ದರು. ‘ಆರಾಮಾಗಿದ್ದೇನಲ್ಲ, ಮತ್ತೆ ಯಾಕೆ ಬರಲಿ?’ ಎಂದರು. ಯಂತ್ರದ ಗುರುತಿನ ಚೀಟಿ ದೇವರ ಜಗುಲಿಯ ಮೇಲೆ ಕುಂಕುಮದ ಬಟ್ಟಲಿನ ಕೆಳಗಿತ್ತು. ಅಥಣಿ ಕಡೆಯವರೊಬ್ಬರು ನಾಲ್ಕನೆಯ ತಿಂಗಳಲ್ಲೇ ತೀರಿಕೊಂಡಿದ್ದರು. ಅವರ ಹೆಂಡತಿ ಪ್ಲಾಸ್ಟಿಕ್ ಚೀಲದಿಂದ ಫೈಲು ತೆಗೆದಾಗ ಜೊತೆಗೆ ಗುಳಿಗೆಯ ಪಟ್ಟಿಗಳೂ ಬಂದವು, ಅರ್ಧಕ್ಕರ್ಧ ಹಾಗೇ ಉಳಿದಿದ್ದವು. ‘ಮಷೀನು ಕೂರಿಸಿದ ಮೇಲೆ ಗುಳಿಗೆ ಬೇಕಾಗುವುದಿಲ್ಲ ಎಂದುಕೊಂಡೆವು’ ಎಂದರು. ಬೇಕು ಎಂದು ನಾವು ಅವರಿಗೆ ತಿಳಿಯುವಂತೆ ಹೇಳಿರಲಿಲ್ಲ.

ಈಗ ನಿಮ್ಮ ವಿಷಯಕ್ಕೆ. ‘ಮೊದಲೇ ಹೇಳುವ’ ಆಸೆ ಹಳೆಯದು, ಅದರ ಇತಿಹಾಸ ಓದಿ. 2008ರ ಪ್ರಾಸ್ಪೆಕ್ಟ್ ಅಧ್ಯಯನದಲ್ಲಿ 53 ಕೇಂದ್ರಗಳು, 498 ರೋಗಿಗಳು, ಎಕೋದ 12 ಅಳತೆಗಳು. ಆಯ್ಕೆಗೆ ನೆಚ್ಚಿಕೊಳ್ಳಬಹುದಾದ ಅಳತೆ ಅವುಗಳಲ್ಲಿ ಒಂದೂ ಇರಲಿಲ್ಲ. 2013ರ ಎಕೋ-ಸಿ.ಆರ್.ಟಿ. ಇನ್ನೂ ಕಠಿಣ ಪಾಠ. ಕ್ಯೂ.ಆರ್.ಎಸ್. ಅಗಲ 130 ಮಿಲಿಸೆಕೆಂಡ್‌ಗಿಂತ ಕಡಿಮೆಯಿದ್ದರೂ ಎಕೋದಲ್ಲಿ ಗೋಡೆಗಳ ತಾಳ ತಪ್ಪಿದಂತೆ ಕಂಡ 809 ಜನರಿಗೆ ಯಂತ್ರ ಕೂರಿಸಿ, ಅರ್ಧದಷ್ಟು ಜನರಲ್ಲಿ ಮಾತ್ರ ಸಿ.ಆರ್.ಟಿ. ಚಾಲೂ ಮಾಡಿದ್ದರು. ಚಾಲೂ ಮಾಡಿದವರಲ್ಲಿ 45 ಜನ ಸತ್ತರು, ಮಾಡದವರಲ್ಲಿ 26. ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಇನ್ನೊಂದು ಕಡೆ 2005ರ ಕೇರ್-ಎಚ್‌ಎಫ್ ನೋಡಿ. 813 ಜನರನ್ನು ಎರಡು ಗುಂಪು ಮಾಡಿ ಸರಾಸರಿ 29 ತಿಂಗಳು ಹಿಂಬಾಲಿಸಿದರು. ಬರೀ ಔಷಧದವರಲ್ಲಿ 120 ಸಾವು, ಸಿ.ಆರ್.ಟಿ.ಯವರಲ್ಲಿ 82. ಈ ಯಂತ್ರದ ಮೇಲೆ ನಮಗಿರುವ ನಂಬಿಕೆ ಬಂದದ್ದು ಹೀಗೆ ಬದುಕಿದವರನ್ನೂ ಸತ್ತವರನ್ನೂ ಎಣಿಸಿದ್ದರಿಂದ.

‘ಸ್ಪಂದಿಸದವರು’ ಎಂಬ ಪದವನ್ನೇ ನಾನು ಈಗ ಬಳಸುವುದಿಲ್ಲ. ದಿನೇದಿನೇ ಕುಸಿಯುವ ರೋಗದಲ್ಲಿ ಹೃದಯ ಇದ್ದಲ್ಲೇ ನಿಂತಿದ್ದರೆ ಅದೂ ಲಾಭವೇ.

ನಮ್ಮ ಕಡೆ ಮೊದಲು ಆಗಬೇಕಾದ ಸಂಶೋಧನೆ ಯಂತ್ರ ಹಾಕಿದ ನಂತರದ ಒಂದು ವರ್ಷದ್ದು. ಯಾರು ಬದುಕಿದ್ದಾರೆ, ಎಷ್ಟು ಬಡಿತ ಎರಡೂ ಕಡೆಯಿಂದ ಆಗುತ್ತಿದೆ, ಗುಳಿಗೆ ಯಾವಾಗ ನಿಂತಿತು, ಯಾಕೆ ನಿಂತಿತು. ಇದು ಚಿಕ್ಕ ವಿಷಯ ಎಂದು ನಿಮ್ಮ ಗೈಡ್ ಹೇಳಬಹುದು, ಒಪ್ಪಬೇಡಿ. ಹೆಣ್ಣುಮಕ್ಕಳ ಪ್ರಶ್ನೆಯೂ ದೊಡ್ಡದು. ಎಡ ಕವಲು ಕಟ್ಟಿದ ಮಹಿಳೆಯರಿಗೆ ಕ್ಯೂ.ಆರ್.ಎಸ್. 130ರಿಂದ 149ರ ನಡುವೆ ಇದ್ದರೂ ಸ್ಪಷ್ಟ ಲಾಭವಿದೆ, ಗಂಡಸರಲ್ಲಿ ಹಾಗಿಲ್ಲ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆ ತೋರಿಸಿತು. ಆ ಪ್ರಯೋಗಗಳಲ್ಲಿ ಮಹಿಳೆಯರೇ ಕಡಿಮೆ. 2013ರ ತಿರುವನಂತಪುರದ ಹೃದಯ ವೈಫಲ್ಯ ದಾಖಲೆಯಲ್ಲೂ 1205 ರೋಗಿಗಳಲ್ಲಿ ಮಹಿಳೆಯರು ಮೂರನೆಯ ಒಂದು ಭಾಗಕ್ಕೂ ಕಡಿಮೆ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದ ಎಷ್ಟು ಹೆಣ್ಣುಮಕ್ಕಳ ಕಾಗದದಲ್ಲಿ ಅಗಲವಾದ ಅಲೆಯನ್ನು ಯಾರೂ ಗಮನಿಸದೆ ಮಡಚಿಟ್ಟಿದ್ದಾರೆ? ಇದನ್ನು ಎಣಿಸಲು ಒಂದು ಸ್ಕೇಲು, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಎಡ ಕವಲಿಗೇ ನೇರವಾಗಿ ತಂತಿ ತಿರುಗಿಸಿ ಕೂರಿಸುವ ವಿಧಾನವನ್ನು 2017ರಲ್ಲಿ ಚೀನಾದ ವೈದ್ಯರು ಮೊದಲು ವರದಿ ಮಾಡಿದರು. ಸಾಮಾನ್ಯ ಪೇಸ್‌ಮೇಕರ್‌ನಿಂದಲೇ ಮಾಡಬಹುದಾದ್ದರಿಂದ ಖರ್ಚು ತಗ್ಗುತ್ತದೆ, ನಮ್ಮಂಥ ಕಡೆ ಅದು ಸಣ್ಣ ಮಾತಲ್ಲ. ಆದರೆ ಅದರ ತೀರ್ಮಾನಕ್ಕೆ ದೊಡ್ಡ ಪ್ರಯೋಗಗಳೇ ಬೇಕು. ಒಬ್ಬ ಪಿ.ಜಿ. ವಿದ್ಯಾರ್ಥಿಯ ಎರಡು ವರ್ಷಕ್ಕೆ ಅದನ್ನು ಹೊರಿಸಬೇಡಿ.

ನಾಳೆಯೇ ಮಾಡಬಹುದಾದದ್ದು ಇದು: ಯಂತ್ರ ಕೂರಿಸುವ ಕೋಣೆಯಾದ ಕ್ಯಾಥ್ ಲ್ಯಾಬ್‌ನ ರಿಜಿಸ್ಟರ್ ತೆಗೆಸಿ, ಯಂತ್ರ ಕೂರಿಸಿದ ಪ್ರತಿ ಹೆಸರನ್ನೂ ಬರೆದುಕೊಳ್ಳಿ. ತಂತಿ ಕೂರದೆ ಅರ್ಧಕ್ಕೆ ನಿಂತವರನ್ನೂ ಬಿಡಬೇಡಿ. ಹೊಸಬರನ್ನು ಸೇರಿಸುವಾಗ ಮೂರು ಫೋನ್ ನಂಬರ್ ತೆಗೆದುಕೊಳ್ಳಿ: ರೋಗಿಯದು, ಊರಲ್ಲೇ ಇರುವ ನೆಂಟರದು, ಔಷಧ ಕೊಳ್ಳುವ ಅಂಗಡಿಯದು. ಮಗನ ನಂಬರ್ ಒಂದೇ ಸಾಲದು; ಅವನು ಪುಣೆಗೋ ಗೋವಾಕ್ಕೋ ದುಡಿಯಲು ಹೋದ ದಿನ ನಿಮ್ಮ ರೋಗಿಯೂ ಕೈತಪ್ಪುತ್ತಾರೆ. ಮನೆಗೆ ಹೋಗಿ ವಿಚಾರಿಸುವ ಅನುಮತಿಯನ್ನು ನೈತಿಕ ಸಮಿತಿಯಿಂದ ಮೊದಲೇ ಪಡೆಯಿರಿ, ನನ್ನಂತೆ ಕೊನೆಗೆ ಓಡಾಡಬೇಡಿ. ಕಬ್ಬು ಕಡಿಯುವ ತಿಂಗಳುಗಳಲ್ಲಿ ಯಾರನ್ನೂ ತಪಾಸಣೆಗೆ ಕರೆಯಬೇಡಿ, ಬರುವುದಿಲ್ಲ.