ಆ ಒಂದು ಸಿಗಾರನ್ನು ಈಗಲೇ ಹಚ್ಚಬೇಡಿ

ಕ್ಯೂಬಾದ ತಂಬಾಕು ಬೆಳೆಯುವ ಊರಾದ ವಿನ್ಯಾಲೆಸ್‌ನ ರೈತರೊಬ್ಬರು ತಾವೇ ಸುತ್ತಿಕೊಟ್ಟ, ಬ್ರ್ಯಾಂಡಿನ ಕಾಗದದ ಪಟ್ಟಿಯಿಲ್ಲದ ಸಿಗಾರನ್ನು ಈಗಲೇ ಸೇದಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಕಾಯಿರಿ. ಕ್ಯೂಬಾದ ರೈತ ಬೆಳೆಯ ಬಹುಪಾಲನ್ನು ಸರ್ಕಾರಕ್ಕೇ ಮಾರಬೇಕು. ತನಗೆಂದು ಉಳಿಸಿಕೊಂಡ ಸ್ವಲ್ಪ ಎಲೆಯಲ್ಲೇ ಇಂಥದ್ದು ಹುಟ್ಟುವುದು. ಎಷ್ಟೋ ಸಲ ಆ ಎಲೆ ಪೂರ್ತಿ ಹದಕ್ಕೆ ಬಂದಿರುವುದಿಲ್ಲ. ಮೂಸಿ ನೋಡಿ, ಅಮೋನಿಯದ ಘಾಟಿದ್ದರೆ ಇನ್ನೂ ಹಸಿ ಅಂತಲೇ ಅರ್ಥ. ಮೊದಲು ಗಾಳಿಯಾಡದ ಚೀಲದಲ್ಲಿ ಮೂರು ದಿನ ಫ್ರೀಜರ್‌ನಲ್ಲಿಡಿ, ಆಮೇಲೆ ಒಂದು ದಿನ ಫ್ರಿಜ್‌ನಲ್ಲಿ. ಇಲ್ಲದಿದ್ದರೆ ತಂಬಾಕಿನ ಹುಳು ಮೊಟ್ಟೆಯೊಡೆದು ಪಕ್ಕದ ಸಿಗಾರುಗಳನ್ನೂ ಕೊರೆದುಬಿಡುತ್ತೆ. ಬಳಿಕ ಗಾಳಿಯ ತೇವ ಶೇ. 65ರಷ್ಟಿರುವ ಡಬ್ಬಿಯಲ್ಲಿ ಆರು ತಿಂಗಳು ಇಡಿ. ಸೇದುವಾಗ ನಿಮಿಷಕ್ಕೊಂದು ಎಳೆತ ಸಾಕು, ಹೊಗೆ ನುಂಗಬೇಡಿ. ವಿನ್ಯಾಲೆಸ್‌ನಲ್ಲಿ ಬಾಯಿಗಿಡುವ ತುದಿಯನ್ನು ಜೇನಿಗದ್ದಿ ಕೊಡುತ್ತಾರೆ, ಚೆನ್ನಾಗಿಯೂ ಇರುತ್ತೆ. ಆದರೂ ನೀವು ಬರಿಯ ಎಲೆಯ ರುಚಿಯಲ್ಲೇ ಶುರುಮಾಡಿ.