ಆಡಿಟರ್ ಇದ್ದಮೇಲೂ ಬೋರ್ಡಿನಲ್ಲಿ ಅಕೌಂಟಿಂಗ್ ಬಲ್ಲ ಡೈರೆಕ್ಟರ್ ಯಾಕೆ ಬೇಕು?

ಲೆಕ್ಕ ಬರೆಯಲು ಸಿಎಫ್‌ಒ (ಕಂಪನಿಯ ಹಣಕಾಸು ಮುಖ್ಯಸ್ಥರು) ಇದ್ದಾರೆ, ನೋಡಲು ಆಡಿಟರ್ ಇದ್ದಾರೆ, ಮತ್ತೆ ಬೋರ್ಡಿನಲ್ಲಿ ಇನ್ನೊಬ್ಬರು ಯಾಕೆ ಅಂತ ಕೇಳಿದ್ದೀರಿ. ಆಡಿಟ್ ಕಮಿಟಿ, ಅಂದರೆ ಲೆಕ್ಕಪತ್ರದ ಮೇಲೆ ಕಣ್ಣಿಡುವ ಬೋರ್ಡ್ ಡೈರೆಕ್ಟರ್‌ಗಳ ಗುಂಪಿನ ಮುಂದೆ ಹೋಗುವ ಕಾಗದಪತ್ರ ತಯಾರಿಸುವ ಕೆಲಸ ನನ್ನದು. ಆ ಕಡೆಯಿಂದ ನೋಡಿದರೆ, ಬೇಕೇ ಬೇಕು ಅನ್ನುತ್ತೇನೆ.

ಕೂಡಿ ಕಳೆಯುವುದರಲ್ಲಿ ತಪ್ಪಿದೆಯಾ ಅಂತ ಹುಡುಕುವುದು ಅಂಥ ಡೈರೆಕ್ಟರ್ ಕೆಲಸವಲ್ಲ. ಇವತ್ತಿನ ಬ್ಯಾಲೆನ್ಸ್ ಶೀಟಿನ ದೊಡ್ಡ ದೊಡ್ಡ ಅಂಕಿಗಳು ನಿಂತಿರುವುದು ಅಂದಾಜಿನ ಮೇಲೆ. ಕೊಟ್ಟ ಸಾಲದಲ್ಲಿ ಎಷ್ಟು ಮುಳುಗಬಹುದು, ಐದು ವರ್ಷದ ಕಾಂಟ್ರಾಕ್ಟಿನಲ್ಲಿ ಈ ವರ್ಷದ ಆದಾಯ ಎಷ್ಟು, ಕೋರ್ಟ್ ಕೇಸ್ ಸೋತರೆ ಅಂತ ಎಷ್ಟು ಎತ್ತಿಡಬೇಕು. ಈ ಅಂದಾಜು ಮಾಡುವವರು ಮ್ಯಾನೇಜ್‌ಮೆಂಟಿನವರು. ಎಷ್ಟೋ ಕಡೆ ಅವರ ಬೋನಸ್ಸೂ ಅದೇ ಲಾಭದ ಮೇಲೆ ಇರುತ್ತದೆ.

ಗುಡ್‌ವಿಲ್ ವಿಷಯವನ್ನೇ ತೆಗೆದುಕೊಳ್ಳಿ. ಕಂಪನಿಯೊಂದನ್ನು ಕೊಳ್ಳುವಾಗ ಅದರ ಆಸ್ತಿಯ ನಿವ್ವಳ ಮೌಲ್ಯಕ್ಕಿಂತ ಹೆಚ್ಚಿಗೆ ಕೊಟ್ಟ ಹಣವೇ ಗುಡ್‌ವಿಲ್. ಒಂದು ಕಂಪನಿ ಇನ್ನೊಂದನ್ನು ಕೊಂಡಿದೆ, ಗುಡ್‌ವಿಲ್ ಸೇರಿ ಪುಸ್ತಕದಲ್ಲಿ ಅದರ ಮೌಲ್ಯ 1,300 ಕೋಟಿ ಅಂತಿಟ್ಟುಕೊಳ್ಳಿ. ಐಎಫ್‌ಆರ್‌ಎಸ್ (ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮಗಳು) ಪ್ರಕಾರ, ಅದು ಈಗಲೂ ಅಷ್ಟು ಬಾಳುತ್ತದಾ ಅಂತ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಬೇಕು. ಇದಕ್ಕೇ ಇಂಪೇರ್‌ಮೆಂಟ್ ಟೆಸ್ಟ್ ಅನ್ನುವುದು. ಮುಂದಿನ ವರ್ಷ ಅದರಿಂದ 100 ಕೋಟಿ ಕ್ಯಾಶ್ ಬರುತ್ತದೆ, ಆಮೇಲೆ ವರ್ಷಕ್ಕೆ ಶೇ. 2ರಂತೆ ಬೆಳೆಯುತ್ತದೆ, ಡಿಸ್ಕೌಂಟ್ ದರ (ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸುವ ದರ) ಶೇ. 10 ಅಂತಿಟ್ಟುಕೊಳ್ಳಿ. ಹೀಗೆ ಸದಾ ಬೆಳೆಯುತ್ತಾ ಬರುವ ಕ್ಯಾಶಿನ ಇವತ್ತಿನ ಮೌಲ್ಯ ಬೇಕಾದರೆ, ಡಿಸ್ಕೌಂಟ್ ದರದಲ್ಲಿ ಬೆಳವಣಿಗೆ ದರ ಕಳೆದು, ಉಳಿದದ್ದರಿಂದ ಭಾಗಿಸಬೇಕು. ಹತ್ತರಲ್ಲಿ ಎರಡು ಕಳೆದರೆ ಎಂಟು. 100 ಕೋಟಿಯನ್ನು ಶೇ. 8ರಿಂದ ಭಾಗಿಸಿದರೆ 1,250 ಕೋಟಿ. ಅಂದರೆ 50 ಕೋಟಿ ನಷ್ಟ ತೋರಿಸಬೇಕು. ಈಗ ಬೆಳವಣಿಗೆಯನ್ನು ಶೇ. 3 ಅಂತ ಬರೆಯಿರಿ. ಮೌಲ್ಯ ಸುಮಾರು 1,429 ಕೋಟಿಗೆ ಏರುತ್ತದೆ. ನಷ್ಟ ಮಾಯ! ಯಾವ ಬಿಲ್ಲೂ ಸುಳ್ಳಲ್ಲ, ಯಾವ ಸಹಿಯೂ ಖೋಟಾ ಅಲ್ಲ.

ಬೋರ್ಡಿಗೆ ಹೋಗುವ ಕಾಗದದಲ್ಲಿ ಇದು ಒಂದೇ ಸಾಲು: 'ಇಂಪೇರ್‌ಮೆಂಟ್ ಟೆಸ್ಟ್ ಆಗಿದೆ, ನಷ್ಟ ತೋರಿಸುವ ಅಗತ್ಯವಿಲ್ಲ.' ಗೊತ್ತಿಲ್ಲದವರು ಪುಟ ತಿರುಗಿಸುತ್ತಾರೆ. ಗೊತ್ತಿರುವವರು, 'ಹೋದ ವರ್ಷ ಬೆಳವಣಿಗೆ ದರ ಎಷ್ಟು ಹಾಕಿದ್ದಿರಿ? ಈಗ ಯಾಕೆ ಏರಿತು? ಮೂರು ವರ್ಷದ ಹಿಂದೆ ಇಷ್ಟು ಕ್ಯಾಶ್ ಬರುತ್ತೆ ಅಂದಿದ್ದಿರಲ್ಲ, ಬಂತಾ?' ಅಂತ ಕೇಳುತ್ತಾರೆ. ಇದರ ನಿಜವಾದ ಲಾಭ ಮೀಟಿಂಗಿಗೂ ಮೊದಲೇ ಆಗಿರುತ್ತದೆ. ಅಂಥವರು ಕೂತಿರುತ್ತಾರೆ ಅಂತ ಗೊತ್ತಿದ್ದರೆ, ಶೇ. 3 ಬರೆಯುವ ಮೊದಲು ನಮ್ಮ ಟೀಮಿನಲ್ಲೇ ಯಾರಾದರೂ 'ಇದಕ್ಕೆ ಆಧಾರ ಏನು?' ಅನ್ನುತ್ತಾರೆ.

ಆಡಿಟರ್ ಕೂಡ ಕೇಳುತ್ತಾರೆ, ಸರಿ. ಆದರೆ ಅವರು ನೋಡುವುದು ಅಂದಾಜು ಒಪ್ಪಬಹುದಾದ ಮಿತಿಯೊಳಗಿದೆಯಾ ಅಂತ. ಎರಡೂ ಮೂರೂ ಆ ಮಿತಿಯೊಳಗೇ ಇರಬಹುದು, ಅಲ್ವಾ? ಇನ್ನೊಂದು ವಿಷಯ. ಆಡಿಟರ್‌ಗೂ ಸಿಎಫ್‌ಒಗೂ ಮಾತು ಕೂಡದಿದ್ದಾಗ ವಿಷಯ ಆಡಿಟ್ ಕಮಿಟಿಗೆ ಬರುತ್ತದೆ. ಅಲ್ಲಿ ಯಾರಿಗೂ ತಲೆಬುಡ ಅರ್ಥವಾಗದಿದ್ದರೆ ಚೆನ್ನಾಗಿ ಮಾತಾಡಿದವರು ಗೆಲ್ಲುತ್ತಾರೆ.

ಲೆಕ್ಕದಲ್ಲಿ ಮೋಸ ಮಾಡಿದ್ದ ಎನ್ರಾನ್ ಅನ್ನುವ ಇಂಧನ ಕಂಪನಿ 2001ರಲ್ಲಿ ಮುಳುಗಿದ ಮೇಲೆ ಅಮೆರಿಕ 2002ರಲ್ಲಿ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ತಂದಿತು. ಅದರ ಪ್ರಕಾರ, ಆಡಿಟ್ ಕಮಿಟಿಯಲ್ಲಿ ಹಣಕಾಸು ಪರಿಣತರು ಒಬ್ಬರಾದರೂ ಇದ್ದಾರಾ, ಇಲ್ಲದಿದ್ದರೆ ಯಾಕಿಲ್ಲ ಅಂತ ಕಂಪನಿ ಹೇಳಬೇಕು. 2003ರ ನಿಯಮದಲ್ಲಿ, ಅಕೌಂಟಿಂಗ್ ಮಾಡುವವರ ಮೇಲ್ವಿಚಾರಣೆ ಮಾಡಿದ ಸಿಇಒ ಕೂಡ ಪರಿಣತ ಅನ್ನಿಸಿಕೊಳ್ಳಬಹುದು ಅಂತಾಯಿತು. ನನಗೆ ಇದು ತೀರಾ ಸಡಿಲ ಅನ್ನಿಸುತ್ತದೆ. ತಾನೇ ಕೂತು ಲೆಕ್ಕ ಮುಗಿಸಿದವರಿಗೆ ಅಂಕಿ ಎಲ್ಲಿ ಬಾಗುತ್ತದೆ ಅಂತ ಗೊತ್ತಿರುತ್ತದೆ. ಬರೀ ಸಹಿ ಹಾಕಿದವರಿಗೆ ಅದು ಕಷ್ಟ.

ಹಾಗಂತ ಪರಿಣತಿಯೊಂದೇ ಸಾಲದು. ಎನ್ರಾನ್ ಆಡಿಟ್ ಕಮಿಟಿಯ ಅಧ್ಯಕ್ಷರು ರಾಬರ್ಟ್ ಜೇಡಿಕೆ. ಸ್ಟ್ಯಾನ್‌ಫರ್ಡಿನ ಅಕೌಂಟಿಂಗ್ ಪ್ರೊಫೆಸರ್, ಅಲ್ಲಿನ ಬಿಸಿನೆಸ್ ಸ್ಕೂಲಿನ ಡೀನ್ ಆಗಿದ್ದವರು. ಆದರೂ ಸಿಎಫ್‌ಒ ತಾನೇ ನಡೆಸುವ ಪಾರ್ಟ್‌ನರ್‌ಶಿಪ್‌ಗಳ ಜೊತೆ ಕಂಪನಿ ವ್ಯವಹಾರ ಮಾಡಲು ಅದೇ ಬೋರ್ಡ್ 1999ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಪರಿಣತರು ಒಬ್ಬರೇ ಇದ್ದರೆ ಉಳಿದವರು 'ಅವರು ನೋಡಿದ್ದಾರಲ್ಲ' ಅಂತ ಸುಮ್ನೆ ಕೂರುವುದೂ ಜಾಸ್ತಿ. ಅದಕ್ಕೇ ಇಬ್ಬರಾದರೂ ಇರಬೇಕು ಅನ್ನುವವರಲ್ಲಿ ನಾನೂ ಸೇರಿದ್ದೇನೆ. ಓದಿದ್ದು ಹಳತಾಗಿರಲೂಬಾರದು. ಸಾಲ-ಹೂಡಿಕೆಗಳ ಲೆಕ್ಕದ ಐಎಫ್‌ಆರ್‌ಎಸ್ 9 ಮತ್ತು ಆದಾಯದ ಲೆಕ್ಕದ ಐಎಫ್‌ಆರ್‌ಎಸ್ 15 ಜಾರಿಗೆ ಬಂದದ್ದು 2018ರಲ್ಲಿ. 2019ರಲ್ಲಿ ಐಎಫ್‌ಆರ್‌ಎಸ್ 16 ಬಂದು ಹೆಚ್ಚಿನ ಲೀಸ್‌ಗಳು ಸಾಲದ ರೂಪದಲ್ಲಿ ಬ್ಯಾಲೆನ್ಸ್ ಶೀಟಿಗೇ ಇಳಿದವು. ಅದಕ್ಕೂ ಮೊದಲೇ ವೃತ್ತಿ ಬಿಟ್ಟು, ಆಮೇಲೆ ಏನೂ ಓದದವರು ಸಾಲದ ಅನುಪಾತವನ್ನೇ ತಪ್ಪಾಗಿ ಓದಬಹುದು.

ನೀವು ಷೇರು ಕೊಂಡಿರುವ ಕಂಪನಿಯಲ್ಲಿ ಪರಿಸ್ಥಿತಿ ಹೇಗಿದೆ ಅಂತ ತಿಳಿಯಬೇಕಾದರೆ, ವಾರ್ಷಿಕ ವರದಿಯಲ್ಲಿ ಆಡಿಟ್ ಕಮಿಟಿಯವರ ಪರಿಚಯ ಓದಿ. ಪದವಿ ಬಿಡಿ, ಏನು ಕೆಲಸ ಮಾಡಿದ್ದಾರೆ ನೋಡಿ. ಎಷ್ಟು ಮೀಟಿಂಗಿಗೆ ಬಂದಿದ್ದಾರೆ ಅಂತಲೂ ನೋಡಿ. ಆಮೇಲೆ ಗುಡ್‌ವಿಲ್ ಕುರಿತ ನೋಟ್ ತೆಗೆದು, ಬೆಳವಣಿಗೆ ದರವನ್ನು ಹೋದ ವರ್ಷದ್ದರ ಪಕ್ಕ ಇಟ್ಟು ನೋಡಿ. ಕಾರಣ ಕೊಡದೆ ಏರಿಸಿದ್ದರೆ ಷೇರುದಾರರ ಸಭೆಯಲ್ಲಿ ಆಡಿಟ್ ಕಮಿಟಿಯ ಅಧ್ಯಕ್ಷರನ್ನೇ ಕೇಳಿ. ಸಿಎಫ್‌ಒ ಕಡೆ ತಿರುಗದೆ ಅವರೇ ಉತ್ತರ ಕೊಡುತ್ತಾರಾ ಅಂತ ಗಮನಿಸಿ.