ಉಳಿದ ನೂಲಿನಲ್ಲಿ ಬೇಸಿಗೆಯ ಟಾಪ್

ಪ್ರಶ್ನೆ: ಅಕ್ಕಾ, ಉಳಿದ ನೂಲಿನ ಉಂಡೆಗಳು ನಮ್ಮ ಮನೆಯಲ್ಲಿ ಒಂದು ಬುಟ್ಟಿ ತುಂಬಾ ಇವೆ. ಯಾವುದು ಹತ್ತಿ, ಯಾವುದು ಉಲನ್ ಅಂತ ನನಗೇ ನೆನಪಿಲ್ಲ. ಅದರಲ್ಲೇ ಬೇಸಿಗೆಗೆಂದು ಒಂದು ಟಾಪ್ ಹೆಣೆದೆ. ಸ್ವೆಟರಿನಷ್ಟು ದಪ್ಪ ಆಯಿತು. ಒಗೆದು ತಂತಿಗೆ ಹಾಕಿದ ಮೇಲೆ ಉದ್ದ ಬೇರೆ ಇಳಿಯಿತು. ಹಗುರಾಗಿ ಹೆಣೆಯುವುದು ಹೇಗೆ?
— ಓದುಗರೊಬ್ಬರು, ವಿಜಯಪುರ

ಉತ್ತರ: ತಂಗಿ, ನನ್ನ ಅಕ್ಕ ವಿಜಯಪುರದಲ್ಲೇ ಇದ್ದಾಳೆ. ಅಲ್ಲಿಯ ಏಪ್ರಿಲ್ ಹೇಗಿರುತ್ತದೆ ಅಂತ ನನಗೆ ಗೊತ್ತು. 40 ಡಿಗ್ರಿ ದಾಟಿದ ದಿನ ಅಕ್ರಿಲಿಕ್, ಅಂದರೆ ಉಣ್ಣೆಯ ಹಾಗೆ ಕಾಣುವ ಕೃತಕ ನೂಲು, ಮೈಮೇಲೆ ಇದ್ದರೆ ಬೆವರು ಹೀರುವುದೇ ಇಲ್ಲ, ಅಲ್ವಾ? ಹಾಗಾಗಿ ಮೊದಲು ಬುಟ್ಟಿ ಬೇರೆ ಮಾಡಿ. ಪ್ರತಿ ಉಂಡೆಯಿಂದ ಒಂದು ಗೇಣು ಎಳೆ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಟಾಪ್‌ಗೆ ಹತ್ತಿಯನ್ನು ಮಾತ್ರ ತೆಗೆದಿಟ್ಟುಕೊಳ್ಳಿ.

ನಾನು ಹುಟ್ಟಿದ್ದು ಗುಳೇದಗುಡ್ಡದ ನೇಕಾರರ ಮನೆಯಲ್ಲಿ. ಕಂಡಿಕೆಯಲ್ಲಿ, ಅಂದರೆ ಮಗ್ಗದ ನೂಲು ಸುತ್ತುವ ಕೊಳವೆಯಲ್ಲಿ, ಉಳಿದ ನೂಲನ್ನು ಅವ್ವ ಎಂದೂ ಬಿಸಾಡಿದವಳಲ್ಲ, ಸಣ್ಣ ಸಣ್ಣ ಉಂಡೆ ಮಾಡಿ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ನನ್ನ ಮೊದಲ ಬೇಸಿಗೆ ಟಾಪ್ ಆ ಡಬ್ಬಿಯಿಂದಲೇ ಆಯಿತು. ಮಗ್ಗದ ನೂಲು ಬಹಳ ತೆಳು. ಅದರ ನಂಬರು ಹೆಚ್ಚಾದಷ್ಟೂ ಎಳೆ ಇನ್ನೂ ಸಣ್ಣ. ನಾನು 40ರ ನಂಬರಿನ ಎರಡೆಳೆ ನೂಲನ್ನು ಎಂಟು ಸಲ ಜೋಡಿಸಿ ಒಂದೇ ಎಳೆಯ ಹಾಗೆ ಹಿಡಿದು ಹೆಣೆದೆ. ಇದರಲ್ಲಿ ಒಂದು ಚಂದ ಇದೆ. ಕೆಂಪು ಮುಗಿಯುತ್ತಾ ಬಂದಾಗ ಎಂಟರಲ್ಲಿ ಒಂದು ಎಳೆ ತೆಗೆದು ಹಳದಿ ಸೇರಿಸುತ್ತೀರಿ, ನಾಲ್ಕು ಸಾಲು ಆದ ಮೇಲೆ ಇನ್ನೊಂದು. ಬಣ್ಣ ಎಲ್ಲಿ ಬದಲಾಯಿತು ಅಂತ ಗೊತ್ತೇ ಆಗುವುದಿಲ್ಲ. ಮುಸ್ಸಂಜೆಯ ಮೋಡದ ಹಾಗೆ ಕಾಣುತ್ತದೆ.

ಹಾಸಿನ ನೂಲಾದರೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಸುವ ನೂಲಾದರೆ, ಗಂಜಿ ಇರುತ್ತದೆ. ಬಿಸಿನೀರಿನಲ್ಲಿ ನೆನೆಸಿ ತೆಗೆಯಿರಿ, ಇಲ್ಲದಿದ್ದರೆ ಬೆರಳು ಕೊಯ್ಯುತ್ತದೆ. ಗಾಢ ಕೆಂಪು ಇದ್ದರೆ, ಬಣ್ಣ ಬಿಡುತ್ತದೆಯೇ ಅಂತ ನೋಡಲು ಒದ್ದೆ ಮಾಡಿ, ಬಿಳಿ ಬಟ್ಟೆಯ ನಡುವೆ ರಾತ್ರಿಯಿಡೀ ಒತ್ತಿಡಿ. ನಾನು ಇದನ್ನು ಮಾಡಲಿಲ್ಲ. ಗಿರಿಕುಂಕುಮ ಅನ್ನುವ ಗಾಢ ಕೆಂಪು ಬಣ್ಣ ಮೊದಲ ಒಗೆತದಲ್ಲೇ ಬಿಳಿ ಪಟ್ಟಿಗೆಲ್ಲಾ ಇಳಿದು, ಒಂದು ತಿಂಗಳ ಕೆಲಸ ಹಾಳಾಯಿತು. ಆ ದಿನದ ಬೇಸರ ಇನ್ನೂ ಇದೆ.

ಇನ್ನು ನಿಮ್ಮ ಟಾಪ್ ದಪ್ಪವಾದದ್ದು. ನೂಲು ದಪ್ಪ, ಕಡ್ಡಿ ಸಣ್ಣ ಇದ್ದಿರಬೇಕು. ತೆಳು ನೂಲಿಗೆ ದಪ್ಪ ಕಡ್ಡಿ ಹಿಡಿಯಿರಿ. ಹಳೆಯ ಲೆಕ್ಕದ 8ನೇ ನಂಬರು ಅಂದರೆ 4 ಮಿ.ಮೀ. ಆ ಲೆಕ್ಕದಲ್ಲಿ ನಂಬರು ಇಳಿದಂತೆ ಕಡ್ಡಿ ದಪ್ಪವಾಗುತ್ತದೆ, ಅಂಗಡಿಯಲ್ಲಿ ಗಮನವಿಟ್ಟು ಕೇಳಿ. ಮೊದಲು ಅಂಗೈಗಿಂತ ದೊಡ್ಡ ತುಂಡು ಹೆಣೆದು, ಒಗೆದು, ಒಣಗಿಸಿ, ಆಮೇಲೆ ಅಳೆಯಿರಿ. ಬೆಳಕಿಗೆ ಹಿಡಿದರೆ ಕಿಟಕಿಯ ಸರಳು ಮಸುಕಾಗಿ ಕಾಣಬೇಕು. ಅಷ್ಟು ಸಡಿಲ ಸಾಕು. ನನಗೆ 4 ಇಂಚಿಗೆ 20 ಕುಣಿಕೆ ಬಂದವು, ಅಂದರೆ ಇಂಚಿಗೆ 5. ಎದೆ ಸುತ್ತಳತೆ 36 ಇಂಚು. ಸ್ವಲ್ಪ ಸಡಿಲ ಇರಲಿ ಅಂತ ಮುಂಭಾಗಕ್ಕೆ 19 ಇಂಚು ಹಿಡಿದೆ. 95 ಕುಣಿಕೆ, ಹೊಲಿಗೆಗೆ ಎರಡು ಸೇರಿಸಿ 97. ತೋಳಿಲ್ಲದ ಆ ಟಾಪ್ 220 ಗ್ರಾಂನಲ್ಲಿ ಮುಗಿಯಿತು. ನೂಲನ್ನು ಮೊದಲೇ ತೂಗಿ, ಮುಂದಕ್ಕೆ ಹಿಂದಕ್ಕೆ ಅಂತ ಸಮ ಪಾಲು ಮಾಡಿಟ್ಟುಕೊಂಡರೆ ಅರ್ಧಕ್ಕೆ ಸಾಲದೆ ಬರುವ ಭಯವಿಲ್ಲ.

ಉದ್ದ ಇಳಿದದ್ದಕ್ಕೆ ತಂತಿಯೇ ಕಾರಣ. ಹತ್ತಿಗೆ ಉಣ್ಣೆಯ ಹಾಗೆ ಹಿಂದಕ್ಕೆ ಜಗ್ಗುವ ಗುಣ ಇಲ್ಲ, ಒದ್ದೆಯಾದರೆ ಭಾರ ಬೇರೆ. ಟವೆಲ್‌ನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ನೆರಳಿನಲ್ಲಿ ಚಾಪೆಯ ಮೇಲೆ ಹರವಿ. ಹೆಣೆಯುವಾಗಲೇ ಉದ್ದ ಒಂದು ಇಂಚು ಕಡಿಮೆ ಇಡಿ. ಭುಜದ ಹೊಲಿಗೆಯ ಒಳಗೆ ತೆಳ್ಳನೆಯ ಹತ್ತಿ ಲಾಡಿ ಕೊಟ್ಟರೆ ಭುಜ ಜೋಲುವುದಿಲ್ಲ.

ಎಳೆ ಜೋಡಿಸುವಾಗ ನಡುವೆ ಗಂಟು ಹಾಕಬೇಡಿ, ಬೆವರಿದಾಗ ಚುಚ್ಚುತ್ತದೆ. ಅಂಚಿನಲ್ಲೇ ಬದಲಿಸಿ, ನಾಲ್ಕು ಇಂಚು ಬಾಲ ಬಿಟ್ಟು, ಕೊನೆಗೆ ಸೂಜಿಯಿಂದ ಹೊಲಿಗೆಯೊಳಗೆ ಸೇರಿಸಿ.

ಪ್ರಶ್ನೆ: ಹಾಗಾದರೆ ಉಳಿದ ಉಲನ್ ಬಿಸಾಡಬೇಕಾ, ಅಕ್ಕಾ?
— ಓದುಗರೊಬ್ಬರು, ಬೆಳಗಾವಿ

ಉತ್ತರ: ಬೇಡವೇ ಬೇಡ. ನಿಮ್ಮ ಊರಿನ ಡಿಸೆಂಬರ್ ಚಳಿಗೆ ಕೂಸಿನ ಕುಲಾವಿ ಹೆಣೆಯಿರಿ. ಒಂದೊಂದಕ್ಕೆ 40 ಗ್ರಾಂ ಸಾಕು. ಅಕ್ರಿಲಿಕ್ ಆದರೆ ಮೇಲೆ ಇಸ್ತ್ರಿ ಮಾತ್ರ ಇಡಬೇಡಿ.